ಮೇಣದಲ್ಲಿ ಕೂತ ಪುಡಿ

ಮಕ್ಕಳಿಬ್ಬರೂ ಕೈಗೆ ಬಂದ ಮೇಲೆ ಪ್ರಯೋಗಾಲಯಕ್ಕೆ ಮರಳಿದವಳು ಒಬ್ಬ ದರ್ಜಿಯ ಹೆಂಡತಿ. ಅಲ್ಲಿ ಅವಳಿಗೆ ‘ಮ್ಯಾಗ್ನೆಟ್ ಅಕ್ಕ’ ಎಂದೇ ಹೆಸರು. ಡಿಸ್ಪ್ರೋಸಿಯಂ ಎಂಬ ಲೋಹದ ಸುತ್ತ ಬೇರೆ ಅಣುಗಳನ್ನು ಕಟ್ಟಿ ಹರಳು ಬೆಳೆಸುವುದು ಅವಳ ಕೆಲಸ. ಅಂಥ ಹರಳನ್ನು ಕಡುಚಳಿಯಲ್ಲಿಟ್ಟು, ಕಾಂತದ ಬಲ ತೋರಿಸಿ ತೆಗೆದರೆ, ಒಂದೊಂದು ಅಣುವೂ ಪುಟ್ಟ ಆಯಸ್ಕಾಂತವಾಗಿ ಸ್ವಲ್ಪ ಹೊತ್ತು ಉಳಿಯುವುದುಂಟು.

“ಇಷ್ಟೆಲ್ಲ ಓದಿ ಮಾಡಿದ್ದು ಫ್ರಿಜ್ ಬಾಗಿಲಿಗಾದ್ರೂ ಅಂಟತ್ತೇನೇ?” ಎಂದು ಅತ್ತೆ ಕೇಳಿದ್ದರು.

“ಇಲ್ಲ ಅತ್ತೆ. ಫ್ರಿಜ್ಜಿನ ಚಳಿ ಅದಕ್ಕೆ ಸುಡುಬಿಸಿಲು.”

ಆ ಸಲದ ಹರಳನ್ನು ಪುಡಿ ಮಾಡಿ ಅಳೆದಾಗ ಕಾಂತತ್ವ ಯಾರೂ ಎಣಿಸದಷ್ಟು ಏರಿತು. ಪ್ರೊಫೆಸರ್ ಹಿಗ್ಗಿ ಹೀರೇಕಾಯಿಯಾದರು. ಮುಂದಿನ ವಿಜ್ಞಾನ ಸಮ್ಮೇಳನದಲ್ಲಿ ಅವಳೇ ಮಾತಾಡುವುದೆಂದು ನಿಶ್ಚಯವಾಯಿತು. ಗಂಡನಂತೂ ಅವಳಿಗೊಂದು ಕೋಟು ಹೊಲಿಯಲು ಬಟ್ಟೆಗೆ ಕತ್ತರಿ ಹಾಕಿಯೇಬಿಟ್ಟ.

ಆದರೆ ಆ ಅಂಕಿ ಅವಳ ತಲೆ ಕೊರೆಯತೊಡಗಿತು. ದಿಕ್ಕಾಪಾಲಾಗಿ ಬಿದ್ದಿರುವ ಪುಡಿ ಅಷ್ಟು ಬಲ ತೋರುವುದುಂಟೆ? ಸಡಿಲವಾಗಿದ್ದ ಕಣಗಳೆಲ್ಲ ಕಾಂತದ ಕಡೆಗೆ ಹೊರಳಿ ಸಾಲಾಗಿ ನಿಂತುಬಿಟ್ಟಿರಬೇಕು. ಹಾಗಿದ್ದರೆ ಆ ಅಂಕಿ ಹುಸಿ. ಅವಳು ಬಾಯಿ ಬಿಡದಿದ್ದರೆ ಸದ್ಯಕ್ಕೆ ಯಾರೂ ಕೇಳುತ್ತಿರಲಿಲ್ಲ. ಎಷ್ಟೋ ವರ್ಷ ಒಲೆಯ ಮುಂದೆ ಕಳೆದವಳಿಗೆ ಇಂಥ ಅವಕಾಶ ಇನ್ನೊಮ್ಮೆ ಬರುತ್ತದೆಂಬ ನಂಬಿಕೆಯೂ ಇರಲಿಲ್ಲ. ಕೊನೆಗೆ ಪುಡಿಯನ್ನು ಕರಗಿದ ಮೇಣದಲ್ಲಿ ಬೆರೆಸಿ, ಅಲ್ಲಾಡದಂತೆ ಗಟ್ಟಿಯಾದ ಮೇಲೆ ಮತ್ತೆ ಅಳೆದಳು.

ಅಂಕಿ ಅರ್ಧಕ್ಕೆ ಕುಸಿಯಿತು.

ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗ ಅಲ್ಲಿ ಏನಮ್ಮಾ ಹೇಳೋದು?”

“ಇರೋದನ್ನೇ ಹೇಳ್ತೀನಿ ಸರ್. ಹೇಗೆ ಮೋಸ ಹೋದ್ವಿ ಅನ್ನೋದನ್ನೂ ಸೇರಿಸಿ.”

ಮನೆಯಲ್ಲಿ ಗಂಡ ಕೇಳಿದ, “ಹಾಗಾದ್ರೆ ನೀನು ಮಾತಾಡಲ್ವಾ?”

“ಮಾತಾಡ್ತೀನಿ. ಮಾತು ಸ್ವಲ್ಪ ಚಿಕ್ಕದಾಯ್ತು ಅಷ್ಟೆ.”

ಸಮ್ಮೇಳನದಲ್ಲಿ ಎರಡೂ ಅಳತೆಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದಳು. ಚಪ್ಪಾಳೆ ನಾಲ್ಕಾರು ಕೈಗಳದ್ದು. ಹೊರಗೆ ಬಂದಾಗ ಬೇರೊಂದು ಪ್ರಯೋಗಾಲಯದ ಹಿರಿಯಾಕೆ ತಡೆದು ನಿಲ್ಲಿಸಿ, “ನಾವು ಮೇಣ ಹಾಕೇ ಇಲ್ಲ ಕಣಮ್ಮ. ಹೋಗಿ ಮೊದ್ಲು ನಮ್ಮದನ್ನ ಅಳೀಬೇಕು,” ಎಂದರು.

ಮರಳಿ ಬಂದವಳು ಹರಳಿನ ರಚನೆಯನ್ನು ಹೊಸದಾಗಿ ನೋಡಿದಳು. ಲೋಹದ ಪಕ್ಕದಲ್ಲೊಂದು ನೀರಿನ ಅಣು ಅಂಟಿಕೊಂಡಿತ್ತು. ಕಾಂತತ್ವ ಹೆಚ್ಚು ಹೊತ್ತು ನಿಲ್ಲದಂತೆ ಅದೇ ಆಟ ಕೆಡಿಸುತ್ತಿರಬಹುದೆಂದು ನೀರು ಸೋಕದ ಹಾಗೆ ಬೇರೆ ಹರಳು ಬೆಳೆಸಿದಳು. ತಿಂಗಳುಗಟ್ಟಲೆ ಹಿಡಿಯಿತು. ಈ ಸಲ ಮೇಣದಲ್ಲಿ ಕೂತ ಪುಡಿ, ಬಲ ತೆಗೆದ ಮೇಲೂ ಹಿಂದಿನದಕ್ಕಿಂತ ಬಹಳ ಹೊತ್ತು ತನ್ನ ಕಾಂತತ್ವವನ್ನು ಬಿಟ್ಟುಕೊಡಲಿಲ್ಲ.

ಪ್ರೊಫೆಸರರನ್ನು ಕರೆಯುವ ಮುಂಚೆ ಇನ್ನೊಂದು ಸಲ ಅಳೆದಳು. ಅಂಕಿ ಬದಲಾಗಲಿಲ್ಲ. ಆಮೇಲೆ ಯಂತ್ರದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಎರಡೂ ಅಳತೆಗಳನ್ನು ಪುಸ್ತಕದಲ್ಲಿ ಪಕ್ಕಪಕ್ಕ ಬರೆದಳು.