ಚೆನ್ನಾಗಿದ್ದವನ ಚೀಟಿ

ಬೀದಿಯವರೆಲ್ಲ ಅವಳನ್ನು ರೇಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಬೆತ್ತದ ಕುರ್ಚಿ ಹೆಣೆಯುವವನು. ಬಾಯಲ್ಲಿ ಮಾತು ಕಡಿಮೆ, ಇದ್ದ ಜಾಣತನವೆಲ್ಲ ಬೆರಳಲ್ಲಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ನೆಲದ ಮೇಲೆ ಕೂತು, ಮೊಣಕಾಲುಗಳ ನಡುವೆ ಕುರ್ಚಿ ಸಿಕ್ಕಿಸಿಕೊಂಡು, ನೆನೆಸಿದ ಬೆತ್ತದ ಸೀಳನ್ನು ತೂತಿನಿಂದ ತೂತಿಗೆ ಎಳೆಯುತ್ತಿದ್ದರೆ, ಗಿರಾಕಿಗಳ ಜೊತೆ ಮಾತೆಲ್ಲ ಅವಳದು. ಅವನ ಹಸಿವು, ಸಿಟ್ಟು, ತಲೆನೋವು ಎಲ್ಲವನ್ನೂ ಅವಳೇ ಹೇಳಬೇಕು. ಹೇಳುವುದೂ ಒಂದಕ್ಕೆ ಹತ್ತು ಮಾಡಿ. ಎರಡು ದಿನ ತಡವಾದರೆ ಯುಗವಾಯಿತು, ಒಂದು ಇರುವೆ ಕಂಡರೆ ಮನೆ ತುಂಬ ಇರುವೆ. ಕೇಳಿದವರು ನಗುತ್ತಾ ಹತ್ತರಲ್ಲಿ ಒಂಬತ್ತು ಕಳೆದು ಅರ್ಥ ಮಾಡಿಕೊಳ್ಳುತ್ತಿದ್ದರು.

ಅವನಿಗೆ ಐವತ್ತೊಂದಾದ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ಮೂರು ತಿಂಗಳು ಹಾಗೇ ತಳ್ಳಿದ. ಒಂದು ಮಧ್ಯಾಹ್ನ ಗಿರಾಕಿಯ ಮನೆಗೆ ಕುರ್ಚಿ ಹೊತ್ತು ಹೋದವನು ಅರ್ಧ ಮೆಟ್ಟಿಲಲ್ಲೇ ಅದನ್ನು ಇಳಿಸಿ, ಅದರ ಮೇಲೆಯೇ ಕುಸಿದು ಕೂತ. ಹತ್ತಿರವಿದ್ದ ದೊಡ್ಡ ಖಾಸಗಿ ಆಸ್ಪತ್ರೆಗೆ ಸೇರಿಸುವಾಗ ಅವಳಿಗೆ ದುಡ್ಡಿನ ಚಿಂತೆ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಮೈದುನ ಬೆನ್ನು ಹತ್ತಿ ಆರೋಗ್ಯ ವಿಮೆ ಮಾಡಿಸಿದ್ದ. ಒಂದು ಕಂತೂ ತಪ್ಪಿರಲಿಲ್ಲ.

ಚಿಕ್ಕ ವಯಸ್ಸಿನ ಡಾಕ್ಟರು ಪೆನ್ನು ಹಿಡಿದು ಕೇಳಿದರು. "ಎಷ್ಟು ದಿನದಿಂದ ಹೀಗಾಗ್ತಿದೆ?"

ಗಂಡ ಎಂದಿನಂತೆ ಅವಳ ಮುಖ ನೋಡಿದ. ಅವಳಿಗೆ ಒಂದೇ ಹೆದರಿಕೆ. ಮೂರು ತಿಂಗಳು ಅಂದರೆ ನಾಲ್ಕು ಮಾತ್ರೆ ಕೊಟ್ಟು ಮನೆಗೆ ಅಟ್ಟಿಬಿಟ್ಟರೆ?

"ದಿನ ಎಲ್ಲಿ ಬಂತು ಡಾಕ್ಟ್ರೇ. ನಾನು ಇವರ ಕೈ ಹಿಡಿದಾಗಿಂದ್ಲೂ ಇದೇ ಗೋಳು. ಇಪ್ಪತ್ತೈದು ವರ್ಷದಿಂದ ಉಸಿರಿಗೆ ಒದ್ದಾಡ್ತಾನೇ ಇದಾರೆ."

ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. ಒಂಬತ್ತು ಕಳೆಯಲಿಲ್ಲ.

ಹೃದಯದ ವಾಲ್ವ್ ಕೆಟ್ಟಿದೆ, ಬದಲಾಯಿಸಬೇಕು, ತಡ ಮಾಡಬಾರದು ಎಂದರು. ಅವರು ಹೇಳಿದ ಖರ್ಚು, ಗಂಡ ಹೆಂಡತಿ ಇಬ್ಬರೂ ನಾಲ್ಕು ವರ್ಷ ಉಣ್ಣದೆ ಉಡದೆ ದುಡಿದರೂ ಮುಟ್ಟದಂಥದ್ದು. ಮೂರನೆಯ ದಿನ ಕೆಳಗಿನ ವಿಮೆ ಕೌಂಟರಿನ ಹುಡುಗಿ ಅವಳನ್ನು ಕರೆಸಿದಳು.

"ಕಂಪನಿಯವರು ಆಗಲ್ಲ ಅಂದಿದಾರಮ್ಮ. ಪಾಲಿಸಿ ಮಾಡಿಸೋ ಮೊದ್ಲೇ ಕಾಯಿಲೆ ಇತ್ತು, ಮುಚ್ಚಿಟ್ಟಿದೀರಿ ಅಂತ."

"ಹಾಗಂತ ಯಾರು ಹೇಳಿದ್ದು?"

ಹುಡುಗಿ ಕಾಗದ ತಿರುಗಿಸಿ ಬೆರಳಿಟ್ಟಳು. "ನೀವೇ. ಹೆಂಡತಿ ಹೇಳಿದ ಪ್ರಕಾರ ಇಪ್ಪತ್ತೈದು ವರ್ಷ ಅಂತ ಬರೆದಿದೆ ನೋಡಿ."

"ಅದು ಮಾತಿಗೆ ಅಂದಿದ್ದು ಕಣೇ ತಾಯಿ. ಇಪ್ಪತ್ತೈದು ವರ್ಷದಿಂದ ಉಸಿರಿಲ್ಲದವರು ಮಹಡಿ ಮಹಡಿಗೆ ಕುರ್ಚಿ ಹೊರ್ತಾರಾ? ಬೀದೀಲಿ ಯಾರನ್ನ ಬೇಕಾದ್ರೂ ಕೇಳು, ಬಂದು ಹೇಳ್ತಾರೆ."

"ನನಗೆ ಅರ್ಥ ಆಗತ್ತಮ್ಮ. ಅವರಿಗೆ ಕಾಗದ ಬೇಕು. ಮೊದ್ಲು ಚೆನ್ನಾಗಿದ್ರು ಅನ್ನೋಕೆ ಯಾವುದಾದ್ರೂ ಡಾಕ್ಟರ ಹಳೇ ಚೀಟಿ ಇದ್ಯಾ?"

"ಚೆನ್ನಾಗಿದ್ದವರು ಡಾಕ್ಟ್ರ ಹತ್ರ ಯಾಕೆ ಹೋಗ್ತಾರೆ?"

ಅವಳು ಮತ್ತೆ ಆ ಡಾಕ್ಟರ ಹತ್ತಿರ ಓಡಿದಳು. ಡಾಕ್ಟರು ಕನಿಕರಪಟ್ಟು, ಕಾಯಿಲೆ ಮೂರೇ ತಿಂಗಳದ್ದೆಂದು ಹೆಂಡತಿ ಈಗ ಹೇಳುತ್ತಿದ್ದಾಳೆ ಎಂದು ಇನ್ನೊಂದು ಕಾಗದ ಬರೆದುಕೊಟ್ಟರು. ದುಡ್ಡಿಗಾಗಿ ಮಾತು ತಿರುಗಿಸಿದ್ದಾರೆ ಎಂದು ಕಂಪನಿ ಅದನ್ನೂ ತಳ್ಳಿಹಾಕಿತು.

ಸಂಜೆ ಮೈದುನ ಬಂದು ಮಂಚದ ಪಕ್ಕ ನಿಂತ. "ಅಲ್ಲ ಅತ್ತಿಗೆ, ಅಲ್ಲಾದ್ರೂ ಸುಮ್ನಿರೋಕೆ ಆಗ್ಲಿಲ್ವಾ ನಿಮಗೆ? ನಾಲ್ಕು ವರ್ಷ ಕಟ್ಟಿದ್ದನ್ನ ಒಂದೇ ಮಾತಲ್ಲಿ ನೀರಿಗೆ ಹಾಕಿದ್ರಲ್ಲ."

ಅವಳು ತಲೆ ತಗ್ಗಿಸಿದಳು. ಮಂಚದಿಂದ ಗಂಡ ಹೇಳಿದ, "ಅವಳನ್ನ ಯಾಕೋ ಅಂತೀಯ. ಎದೆ ನಂದು. ಬಾಯಿ ನಾನು ಬಿಡ್ಬೇಕಿತ್ತು."

ಅವನು ನಾಲ್ಕು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಸಾಲು ಉದ್ದ. ಎಂಟು ತಿಂಗಳ ಮೇಲಿನ ತಾರೀಖು ಬರೆದುಕೊಟ್ಟರು. ಅಲ್ಲಿಯವರೆಗೆ ಕುರ್ಚಿಗಳನ್ನು ಅವಳು ಹೊತ್ತಳು. ಅವನು ಹತ್ತು ತೂತು ಹೆಣೆದು ಗೋಡೆಗೆ ಒರಗುವನು, ಮತ್ತೆ ಹತ್ತು ಹೆಣೆಯುವನು. ಅವಳು ವಾರಕ್ಕೊಮ್ಮೆ ಟೈಪ್ ಮಾಡುವವನ ಹತ್ತಿರ ಕೂತು ಕಂಪನಿಗೆ ಮನವಿ ಬರೆಸುವಳು. ಉತ್ತರ ಬಂದಾಗಲೆಲ್ಲ ಅದೇ ಸಾಲು, ಅದೇ ಇಪ್ಪತ್ತೈದು ವರ್ಷ. ಆರನೆಯ ತಿಂಗಳು ಒಂದು ಬೆಳಿಗ್ಗೆ, ಗೋಡೆಗೆ ಒರಗಿದವನು ಮತ್ತೆ ಮುಂದಕ್ಕೆ ಬಾಗಲಿಲ್ಲ.

ತಿಥಿ ಮುಗಿದ ಮೇಲೆ ಅವಳು ಸರ್ಕಾರಿ ಆಸ್ಪತ್ರೆಗೆ ಹೋಗಿ, ತಾರೀಖಿನ ಚೀಟಿಯನ್ನು ಗುಮಾಸ್ತರ ಮುಂದಿಟ್ಟಳು.

"ಇವರು ಬರಲ್ಲ ಸ್ವಾಮಿ. ಈ ಜಾಗ ಇನ್ಯಾರಿಗಾದ್ರೂ ಕೊಡಿ."

ಗುಮಾಸ್ತರು ಅವಳನ್ನೊಮ್ಮೆ ನೋಡಿ, ದೊಡ್ಡ ಪುಸ್ತಕ ತೆರೆದು ಹೆಸರಿನ ಮೇಲೆ ಗೆರೆ ಎಳೆದರು. ಕೆಳಗಿನ ಹೆಸರಿನವರಿಗೆ ಫೋನು ಮಾಡಿದರು. "ನಿಮಗೆ ತಾರೀಖು ಸ್ವಲ್ಪ ಬೇಗ ಸಿಕ್ಕಿದೆ. ಖಾಲಿ ಹೊಟ್ಟೇಲಿ ಬನ್ನಿ, ಹಳೇ ಚೀಟಿ ಇದ್ರೆ ಎಲ್ಲ ತನ್ನಿ." ಆ ಕಡೆಯವರು ಏನೋ ತುಂಬ ಹೊತ್ತು ಹೇಳುತ್ತಿದ್ದರು. ಗುಮಾಸ್ತರು ಅದನ್ನೂ ಬರೆದುಕೊಳ್ಳುತ್ತಾರೇನೋ ಎಂದು ಅವರ ಪೆನ್ನನ್ನೇ ನೋಡುತ್ತಾ, ಅದು ಮುಗಿಯುವವರೆಗೂ ಅವಳು ಕಿಟಕಿಯ ಕಂಬಿ ಹಿಡಿದು ನಿಂತಿದ್ದು, ಆಮೇಲೆ ಮೆಟ್ಟಿಲಿಳಿದಳು.