ಪೂರ್ವಕ್ಕೆ ತಿರುಗಿಸಿದ ಡಿಶ್

ಕುವೈತಿನ ಫರ್ವಾನಿಯಾದಲ್ಲಿ ನಾನಿರುವ ಕಟ್ಟಡದ ಟೆರೇಸಿನ ಮೇಲೆ ಫ್ಲಾಟಿಗೆ ಒಂದೇ ಡಿಶ್ ಎಂಬುದು ಹಾರಿಸ್‌ನ ಕಾನೂನು. ಹಾರಿಸ್ ಅಂದರೆ ಕಟ್ಟಡದ ಕಾವಲಿನವನು. ಹೆಸರಿಗೆ ಕಾವಲು, ದರ್ಬಾರು ಮಾತ್ರ ತಹಶೀಲ್ದಾರನದ್ದು. ಅಲ್ಲಿರುವ ಡಿಶ್‌ಗಳೆಲ್ಲ ನೈಋತ್ಯಕ್ಕೆ ಮುಖ ಮಾಡಿ ನಿಂತಿವೆ, ಅರಬಿ ಚಾನೆಲ್‌ಗಳು ಬರುವುದು ಆ ದಿಕ್ಕಿನಿಂದ. ನನ್ನ ಜೊತೆ ಫ್ಲಾಟು ಹಂಚಿಕೊಂಡಿರುವ ಬ್ಯಾರಿ ಗೆಳೆಯನಿಗೂ ಅದೇ ದಿಕ್ಕು ಸಾಕಿತ್ತು. ಅವನು ಹವಲ್ಲಿಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಯುರೋಪಿನ ಫುಟ್‌ಬಾಲ್ ಎಂದರೆ ಊಟ ಬಿಡುತ್ತಾನೆ. ನನಗೆ ಬೇಕಾದದ್ದು ಪೂರ್ವ, ನಮ್ಮ ದೇಶದ ಚಾನೆಲ್ಲುಗಳು ಬರುವ ದಿಕ್ಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಇರುವ ಒಂದೇ ಡಿಶ್ ಎರಡೂ ಕಡೆ ತಿರುಗಬೇಕಾದರೆ ಅದಕ್ಕೆ ಮೋಟಾರು ಹಾಕಬೇಕು, ಬೇರೆ ದಾರಿಯಿಲ್ಲ.

ಪೂರ್ವ ಬೇಕಾದದ್ದು ನನ್ನ ಮಗಳಿಗಾಗಿ. ಅವಳು ಊರಿನಲ್ಲಿ ಡಿಗ್ರಿ ಓದುತ್ತಾಳೆ, ವಿಶ್ವವಿದ್ಯಾಲಯದ ಕಬಡ್ಡಿ ತಂಡದಲ್ಲಿದ್ದಾಳೆ. ಉತ್ತರದ ಯಾವುದೋ ಊರಿನಲ್ಲಿ ನಡೆಯುವ ಪಂದ್ಯಾಟದ ಕೊನೆಯ ಸುತ್ತಿಗೆ ಅವರ ತಂಡ ಆಯ್ಕೆಯಾಗಿದೆ, ಅದನ್ನು ಸರ್ಕಾರಿ ಕ್ರೀಡಾ ಚಾನೆಲ್ಲಿನಲ್ಲಿ ತೋರಿಸುತ್ತಾರೆ ಎಂದು ಹೆಂಡತಿ ಫೋನಿನಲ್ಲಿ ಹೇಳಿದಳು. ಪಂದ್ಯಾಟಕ್ಕೆ ಇನ್ನೂ ಒಂದು ತಿಂಗಳಿತ್ತು. ಮೊಬೈಲಿನಲ್ಲಿ ಆ ಚಾನೆಲ್ ಹಾಕಿ ನೋಡಿದೆ. ನಿಮ್ಮ ಪ್ರದೇಶದಲ್ಲಿ ಇದು ಲಭ್ಯವಿಲ್ಲ ಎಂದು ಬಂತು. ನನ್ನ ಪ್ರದೇಶದಲ್ಲಿ ಯಾವುದು ಲಭ್ಯವಿದೆ ಎಂದು ತಿರುಗಿ ಕೇಳಬೇಕೆನಿಸಿತು, ಯಾರನ್ನು ಕೇಳುವುದು.

"ನಾನು ಟೀವಿ ಎದುರು ಫೋನ್ ಹಿಡೀತೇನೆ, ನೀವು ವೀಡಿಯೋ ಕಾಲಲ್ಲಿ ನೋಡಿ" ಎಂದಳು ಹೆಂಡತಿ.

"ಬೇಡ" ಎಂದೆ. ಸಿಟ್ಟಿನಲ್ಲೇ ಹೇಳಿದೆ. ಮಗಳನ್ನು ನಾನು ನೋಡುತ್ತಿರುವುದೇ ಫೋನಿನೊಳಗೆ. ಹಣೆ, ಮೂಗು, ಗಲ್ಲ, ಕೆಲವೊಮ್ಮೆ ಬರೀ ಕಿವಿ ಮತ್ತು ಫ್ಯಾನು. ಹಿಂದಿನ ಸಲ ಊರಿಗೆ ಹೋದಾಗ ಅವಳು ಹತ್ತನೇ ತರಗತಿಯಲ್ಲಿದ್ದಳು. ಆಮೇಲೆ ಒಂದು ವರ್ಷ ವೀಸಾ ಕೊಟ್ಟ ಕಫೀಲ್ ಬದಲಾದ, ಒಂದು ವರ್ಷ ಆಫೀಸಿನಲ್ಲಿ ರಜೆ ಕೊಡಲಿಲ್ಲ, ಈಗ ಇಲ್ಲಿ ವಾಸಕ್ಕೆ ಬೇಕಾದ ಇಕಾಮಾದ ನವೀಕರಣಕ್ಕೆಂದು ಪಾಸ್‌ಪೋರ್ಟು ಕಂಪನಿಯಲ್ಲಿದೆ. ಹುಡುಗಿ ಆಡುವುದನ್ನು ಒಮ್ಮೆಯಾದರೂ ದೊಡ್ಡ ಪರದೆಯಲ್ಲಿ, ಕಾಲಿನಿಂದ ತಲೆಯವರೆಗೆ ನೋಡಬೇಕು ಎಂಬ ಆಸೆ ಹತ್ತಿಕೊಂಡಿತು. ನಾನೂ ಒಂದು ಕಾಲದಲ್ಲಿ ಗದ್ದೆಯ ಅಂಕಣದಲ್ಲಿ ಕಬಡ್ಡಿ ಆಡಿದವನು, ರೈಡಿಗೆ ಹೋದರೆ ಬರಿಗೈಲಿ ಬಂದವನಲ್ಲ. ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಆಫೀಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ.

ಮೋಟಾರು ಮತ್ತು ನಾಲ್ಕಡಿಯ ಡಿಶ್ಶನ್ನು ಶುಕ್ರವಾರದ ಸಂತೆಯ ಹಳೆ ಸಾಮಾನಿನ ಸಾಲಿನಿಂದ ತಂದೆವು, ಮೊದಲಿದ್ದ ಸಣ್ಣ ಡಿಶ್ಶನ್ನು ಇಳಿಸಿದೆವು. ಕೂರಿಸುವ ಕ್ರಮವನ್ನು ಯೂಟ್ಯೂಬ್ ನೋಡಿ ಕಲಿತೆ. ಕಂಬ ನೆಟ್ಟಗಿರಬೇಕು, ಕೂದಲೆಳೆಯಷ್ಟು ವಾಲಿದರೂ ಆಕಾಶದಲ್ಲಿ ಎಲ್ಲೋ ಹೋಗಿ ತಾಗುತ್ತದೆ. ನೂಲಿಗೆ ಸ್ಪಾನರ್ ಕಟ್ಟಿ ಇಳಿಬಿಟ್ಟು ಕಂಬ ನಿಲ್ಲಿಸಿದೆ. ಮೋಟಾರು ಸರಿಯಾಗಿ ದಕ್ಷಿಣ ನೋಡಬೇಕು. ಅದರ ಬೆನ್ನಿಗೆ ಒಂದು ಅಳತೆಪಟ್ಟಿಯಿದೆ, ನಾವಿರುವ ಊರಿನ ಅಕ್ಷಾಂಶಕ್ಕೆ ಅದನ್ನು ಹೊಂದಿಸಬೇಕು. ಕೆಳಗೆ ಟೀವಿಯ ಪೆಟ್ಟಿಗೆಯಲ್ಲಿ 'ಮೈ ಲೊಕೇಶನ್' ಎಂಬಲ್ಲಿ ಅಕ್ಷಾಂಶ ರೇಖಾಂಶ ಎರಡನ್ನೂ ತುಂಬಿಸಬೇಕು. ಅಷ್ಟು ಮಾಡಿದರೆ ಯಾವ ಉಪಗ್ರಹ ಬೇಕೆಂದು ರಿಮೋಟ್ ಒತ್ತಿದರಾಯಿತು, ಡಿಶ್ ತಾನಾಗಿ ಹುಡುಕಿಕೊಂಡು ಹೋಗುತ್ತದೆ ಎಂದು ಆ ವೀಡಿಯೋದವನು ಹೇಳಿದ್ದ.

ಹುಡುಕಿಕೊಂಡು ಹೋಯಿತು, ಸಿಗಲಿಲ್ಲ. ಜನವರಿಯ ಚಳಿಗಾಳಿ ಟೆರೇಸಿನ ನೀರಿನ ಟ್ಯಾಂಕುಗಳ ನಡುವೆ ಬೀಸುತ್ತಿತ್ತು. ಕುವೈತಿನ ಚಳಿಯನ್ನು ಊರಿನವರು ನಂಬುವುದಿಲ್ಲ, ಬೆರಳಿಗೆ ಸ್ಪಾನರಿನ ತಣ್ಣನೆ ಹತ್ತಿದರೆ ಮರುದಿನ ಮಧ್ಯಾಹ್ನದವರೆಗೆ ಬಿಡುವುದಿಲ್ಲ. ನಾನು ಮೇಲೆ ಬೋಲ್ಟು ಸಡಿಲಿಸುವುದು, ಗೆಳೆಯ ಕೆಳಗೆ ಟೀವಿ ಎದುರು ಕೂತು ಫೋನಿನಲ್ಲಿ "ಇಲ್ಲ ಅಣ್ಣ, ಸಿಗ್ನಲ್ ಸೊನ್ನೆ" ಎನ್ನುವುದು. ಆಫೀಸು ಬಿಟ್ಟು ಬಂದ ಸಂಜೆಗಳೆಲ್ಲ ಹೀಗೇ ಹೋದವು. ಮೋಟಾರು ಗುಂಯ್‌ಗುಡುತ್ತಾ ಪೂರ್ವಕ್ಕೆ ಹೋಗುವುದು, ನಿಲ್ಲುವುದು, ಸೊನ್ನೆ. ಹಾರಿಸ್ ಬಂದು ಈ ಡಿಶ್ ಯಾಕೆ ತಿರುಗುತ್ತದೆ, ಉಳಿದವೆಲ್ಲ ಸುಮ್ಮನೆ ನಿಂತಿಲ್ಲವೇ ಎಂದು ತನ್ನ ಅರೆಬರೆ ಉರ್ದುವಿನಲ್ಲಿ ಗದರಿಸಿ ಹೋದ.

ನಾನು ಮೋಟಾರನ್ನು ಬೈದೆ. ಮಾರಿದವನನ್ನು ಬೈದೆ. ಕೇಬಲ್ ಬದಲಿಸಿದೆ, ಕಂಬ ಕಿತ್ತು ಮತ್ತೆ ನೆಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಂದ್ಯಾಟ ಹತ್ತಿರ ಬರುತ್ತಿತ್ತು. ಸೋಲುತ್ತೇನೆ ಎಂದು ಒಳಗೆ ಖಾತ್ರಿಯಾಗಿಬಿಟ್ಟಿತ್ತು. ಮಗಳ ಪಂದ್ಯಾಟ ಶುರುವಾಗುವ ಮೊದಲೇ ನಾನು ಸೋತು ಕೂತಿದ್ದೆ, ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದೆ.

ಕೊನೆಗೊಂದು ಸಂಜೆ ಗೆಳೆಯ ರಿಮೋಟ್ ಕೈಗೆ ತೆಗೆದುಕೊಂಡು ಪೆಟ್ಟಿಗೆಯ ಸೆಟ್ಟಿಂಗ್‌ಗಳನ್ನೆಲ್ಲ ಒಂದೊಂದಾಗಿ ತೆರೆಯುತ್ತಾ ಹೋದ.

"ಅಣ್ಣ, ಈ ಮೈ ಲೊಕೇಶನ್ ಅಂತ ಉಂಟಲ್ಲ, ಇದಕ್ಕೆ ಎಂತ ಹಾಕಿದ್ದು ನೀವು?"

"ನಮ್ಮದು."

"ನಮ್ಮದು ಅಂದ್ರೆ?"

"ಮಂಗಳೂರಿಂದು ಮಾರಾಯ, ಇನ್ನೆಂತ ಹಾಕುದು?"

ಹೇಳಿದ ಮೇಲೆ ನನಗೇ ಕೇಳಿಸಿತು. ಗೆಳೆಯ ನಗಲು ಶುರುಮಾಡಿದ. "ಅಲ್ಲ ಅಣ್ಣ, ಡಿಶ್ ಇರುದು ಫರ್ವಾನಿಯಾದಲ್ಲಿ. ಅದು ಪಾಪ ಕುದ್ರೋಳಿಯಲ್ಲಿ ನಿಂತಿದ್ದೇನೆ ಅಂತ ಲೆಕ್ಕ ಹಾಕ್ತಾ ಉಂಟು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ.

ನಾನು ನಗಲಿಲ್ಲ. ತಪ್ಪು ತಿದ್ದುವುದು ಸುಲಭವಿತ್ತು, ಮೋಟಾರಿನ ಬೆನ್ನಿನ ಅಳತೆಯನ್ನೂ ಪೆಟ್ಟಿಗೆಯ ಅಂಕಿಗಳನ್ನೂ ಬದಲಿಸಿದರೆ ಮುಗಿಯಿತು. ನನಗೆ ಹೆದರಿಕೆಯಾದದ್ದು ಬೇರೆಯದಕ್ಕೆ. ಅರ್ಧಕ್ಕಿಂತ ಹೆಚ್ಚು ಆಯುಷ್ಯ ಇಲ್ಲಿ ಕಳೆದಿದ್ದೇನೆ. ನೀನೆಲ್ಲಿದ್ದೀಯ ಎಂದು ಒಂದು ಯಂತ್ರ ಕೇಳಿದರೆ ಒಂದು ಕ್ಷಣವೂ ಯೋಚಿಸದೆ ಊರಿನ ಲೆಕ್ಕ ಕೊಟ್ಟಿದ್ದೆ. ಊರಿನ ರೇಶನ್ ಕಾರ್ಡಿನಿಂದ ನನ್ನ ಹೆಸರು ತೆಗೆದು ಎಷ್ಟೋ ವರ್ಷವಾಯಿತು. ಇಲ್ಲಿ ಇಕಾಮಾ ಮುಗಿದ ದಿನ ಖಲಾಸ್. ನನ್ನನ್ನು ಲೆಕ್ಕಕ್ಕಿಟ್ಟುಕೊಂಡಿರುವ ಜಾಗ ಯಾವುದು ಎಂದು ಆ ಸಂಜೆಯಿಡೀ ಯೋಚಿಸಿದೆ. ಮರುದಿನ ಅಳತೆ ಬದಲಿಸಿದೆ. ಮೋಟಾರು ಗುಂಯ್‌ಗುಟ್ಟಿತು, "ಬಂತು ಅಣ್ಣ" ಎಂದು ಗೆಳೆಯ ಫೋನಿನಲ್ಲಿ ಹೇಳಿದ. ಆ ಉಪಗ್ರಹದ ಸಿಗ್ನಲ್ ನಮ್ಮ ಕಡೆಗೆ ಬೀಳುವುದೇ ಅರೆಬರೆ, ಚಿತ್ರ ಆಗಾಗ ಚೌಕ ಚೌಕವಾಗಿ ಒಡೆಯುತ್ತಿತ್ತು. ಅಷ್ಟಾದರೂ ಬಂತಲ್ಲ ಎಂದು ಟ್ಯಾಂಕಿಗೆ ಒರಗಿ ಕೂತೆ.

ಪಂದ್ಯಾಟ ಶುಕ್ರವಾರ ಬಂತು. ಗೆಳೆಯ ಜುಮಾ ನಮಾಜು ಮುಗಿಸಿ ಬರುವಾಗ ಬಿರಿಯಾನಿ ಕಟ್ಟಿಸಿಕೊಂಡು ಬಂದ. ಅವನ ಫುಟ್‌ಬಾಲಿನ ಮರುಪ್ರಸಾರವೂ ಅದೇ ಹೊತ್ತಿಗಿತ್ತು, ಆದರೆ ಅವನು ಅದರ ಸುದ್ದಿಯೇ ಎತ್ತಲಿಲ್ಲ. ನಾವಿಬ್ಬರೂ ನೆಲದ ಮೇಲೆ ಕೂತೆವು.

ಅಂಕಣಕ್ಕೆ ಏಳು ಹುಡುಗಿಯರು ಬಂದರು. ಎಲ್ಲರದ್ದೂ ಒಂದೇ ಹಳದಿ ಅಂಗಿ, ಎಲ್ಲರ ಕೂದಲೂ ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದು. ಸಾಲಾಗಿ ನಿಂತವರ ಮುಖದ ಮೇಲೆ ಕ್ಯಾಮೆರಾ ಹೋಗುವಾಗ ಸರಿಯಾಗಿ ಚಿತ್ರ ಒಡೆಯಿತು. ಮತ್ತೆ ಬಂದಾಗ ಆಟ ಶುರುವಾಗಿತ್ತು. ಕಮೆಂಟರಿ ಹೇಳುವವನು ಹಿಂದಿಯಲ್ಲಿ ಹೆಸರುಗಳನ್ನೆಲ್ಲ ನುಂಗಿ ನುಂಗಿ ಹೇಳುತ್ತಿದ್ದ. ನಾನು ಒಬ್ಬೊಬ್ಬರನ್ನೇ ನೋಡಿದೆ. ಪರದೆಯ ಹತ್ತಿರಕ್ಕೆ ಸರಿದೆ. ಅಷ್ಟರಲ್ಲಿ ಒಬ್ಬಳು ರೈಡಿಗೆ ಹೊರಟಳು. ಎತ್ತರದ ಹುಡುಗಿ. ಎಡಗೈ ಮುಂದೆ ಚಾಚಿ, ಬಲಗಾಲು ಹಿಂದಿಟ್ಟು, ಸೊಂಟ ತಗ್ಗಿಸಿ ಹೋದಳು. ನಾನು ಹೋಗುತ್ತಿದ್ದದ್ದೂ ಹಾಗೆಯೇ. ಕಾಲ ತುದಿಯಲ್ಲಿ ಒಬ್ಬಳನ್ನು ಮುಟ್ಟಿ ಗೆರೆ ದಾಟಿ ಬಂದಳು.

"ಇವಳೇ" ಎಂದೆ.

"ಹೌದಾ ಅಣ್ಣ? ಮಾಶಾ ಅಲ್ಲಾಹ್, ಎಂತ ಸ್ಪೀಡ್" ಎಂದು ಗೆಳೆಯ ಚಪ್ಪಾಳೆ ತಟ್ಟಿದ.

ಅಲ್ಲಿಂದ ಮುಂದೆ ನಾನು ಬೇರೆ ಯಾರನ್ನೂ ನೋಡಲಿಲ್ಲ. ಅವಳು ಹೋದಾಗ ಉಸಿರು ಹಿಡಿದೆ, ಬಂದಾಗ ಬಿಟ್ಟೆ. ಕಣ್ಣು ಒದ್ದೆಯಾಗುತ್ತಿತ್ತು, ಒರೆಸಿಕೊಳ್ಳಲು ನಾಚಿಕೆಯಾಗಲಿಲ್ಲ. ಇಷ್ಟು ವರ್ಷದ ದುಡಿತಕ್ಕೆ ಇದೊಂದು ಮಧ್ಯಾಹ್ನ ಸಾಕು ಎನಿಸಿತು. ಅವಳು ಹಿಡಿಸಿಕೊಂಡು ಹೊರಗೆ ಕೂತಾಗ ಮಾತ್ರ ಉಳಿದವರ ಮೇಲೆ ಸಿಟ್ಟು ಬರುತ್ತಿತ್ತು. ಅವರು ಒಬ್ಬ ಎದುರಾಳಿಯನ್ನು ಹಿಡಿದರೆ ತಾನೇ ಅವಳು ಮತ್ತೆ ಒಳಗೆ ಬರುವುದು.

ಎಡಮೂಲೆಯಲ್ಲಿ ನಿಂತಿದ್ದ ಹುಡುಗಿ ಒಂದು ಸಲ ಕಾಲಿಗೆ ಹಾರಿದಳು, ಹಿಡಿತ ತಪ್ಪಿತು. ಎರಡನೇ ಸಲವೂ ತಪ್ಪಿತು. ಆಟ ಮುಗಿಯುವ ಹೊತ್ತಿಗೆ ಮತ್ತೆ ಹಾರಿದಳು. ಈ ಸಲ ರೈಡಿಗೆ ಬಂದವಳ ಪಾದ ಇನ್ನೇನು ಕೈಗೆ ಸಿಗಬೇಕು ಎನ್ನುವಷ್ಟರಲ್ಲಿ ಅವಳು ಕಾಲೆಳೆದುಕೊಂಡು ಹೋದಳು, ಈ ಹುಡುಗಿ ಮಂಡಿ ಊರಿ ಬಿದ್ದು ಅಲ್ಲೇ ಮುದುಡಿದಳು. ಆಟ ನಿಂತಿತು. ಯಾರೋ ಔಷಧಿಯ ಪೆಟ್ಟಿಗೆ ಹಿಡಿದು ಓಡಿ ಬಂದರು.

"ಎದ್ದು ಹೊರಗೆ ಹೋಗು ಮಾರಾಯ್ತಿ" ಎಂದೆ ಟೀವಿಗೆ. "ಕಾಲು ಹಿಡೀಲಿಕ್ಕೆ ಬಾರದವಳು ಮೂಲೆಯಲ್ಲಿ ಯಾಕೆ ನಿಲ್ಲುದು? ಇದನ್ನೆಲ್ಲ ಯಾರು ತಂಡಕ್ಕೆ ಸೇರಿಸಿದ್ದು?"

"ಪಾಪ ಅಣ್ಣ, ಪೆಟ್ಟಾಗಿದೆ ಅದಕ್ಕೆ."

"ಪೆಟ್ಟಾಗದೆ ಮತ್ತೆ. ಇವಳಿಂದಾಗಿ ನನ್ನ ಮಗಳು ಸೋಲ್ತಾಳೆ ನೋಡು."

ಆ ಹುಡುಗಿ ಎದ್ದಳು, ಕುಂಟುತ್ತಾ ಮತ್ತೆ ಮೂಲೆಗೇ ಹೋಗಿ ನಿಂತಳು. ಸ್ವಲ್ಪದರಲ್ಲೇ ತಂಡ ಸೋತಿತು. ನನಗೆ ಬೇಸರವಾಯಿತು, ಆದರೆ ಎತ್ತರದ ಹುಡುಗಿಯ ಆಟ ಆ ಬೇಸರವನ್ನೂ ಮುಚ್ಚುವಷ್ಟಿತ್ತು. ಗೆಳೆಯ ಕೆಳಗೆ ಹೋಗಿ ಸ್ವೀಟ್ಸ್ ತಂದ. ಪಕ್ಕದ ಫ್ಲಾಟಿನವರಿಗೂ ಹಂಚಿದೆವು.

ಸಂಜೆ ಮಗಳ ಫೋನು ಬಂತು. ಸುತ್ತ ಹುಡುಗಿಯರ ಗಲಾಟೆ ಕೇಳುತ್ತಿತ್ತು. ಗೆಳೆಯನಿಗೂ ಕೇಳಲಿ ಎಂದು ನಾನು ಸ್ಪೀಕರಿಗೆ ಹಾಕಿದೆ.

"ಪಪ್ಪ, ಮ್ಯಾಚ್ ಸಿಕ್ಕಿತಾ ಅಲ್ಲಿ?"

"ಸಿಕ್ಕದೆ! ಪೂರ್ತಿ ನೋಡಿದೆ. ಏನು ರೈಡ್ ಮಗಾ ನಿಂದು. ಮೂರು ಜನ ಮೇಲೆ ಬಿದ್ರೂ ಗೆರೆ ಮುಟ್ಟಿದಿಯಲ್ಲ, ಅದು ನನ್ನದೇ ಕಾಲು."

ಹುಡುಗಿಯರ ಗಲಾಟೆ ದೂರವಾಯಿತು. ಅವಳು ಎದ್ದು ಬೇರೆ ಕಡೆ ಹೋಗಿರಬೇಕು.

"ಪಪ್ಪ, ಅದು ನಮ್ಮ ಕ್ಯಾಪ್ಟನ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ಒಳ್ಳೆಯದಿತ್ತು. "ನಾನು ರೈಡಿಗೆ ಹೋಗುದಿಲ್ಲ. ಒಂದು ಸಲವೂ ಹೋಗ್ಲಿಲ್ಲ. ಟೀವಿಲಿ ಎಲ್ಲರೂ ಒಂದೇ ಥರ ಕಾಣ್ತಾರೆ, ಪರವಾಗಿಲ್ಲ."

"ಹಾಗಾದ್ರೆ ನೀನು..."

"ಲೆಫ್ಟ್ ಕಾರ್ನರ್. ಶಾಲೆಯಲ್ಲಿದ್ದಾಗಿನಿಂದ ಅಲ್ಲೇ ಪಪ್ಪ."

ಗೆಳೆಯ ನನ್ನನ್ನು ನೋಡಲಿಲ್ಲ. ಸ್ಪೀಕರ್ ಬಂದ್ ಮಾಡಬೇಕೆಂದು ನನಗೆ ಹೊಳೆಯಲೂ ಇಲ್ಲ.

"ಮಮ್ಮಿಗೆ ಹೇಳ್ಬೇಡಿ ಆಯ್ತಾ" ಎಂದು ಅವಳೇ ಮುಂದುವರಿಸಿದಳು. "ಊರಲ್ಲಿ ಕರೆಂಟ್ ಹೋಗಿತ್ತಂತೆ, ಅವರು ನೋಡ್ಲಿಲ್ಲ. ನಮ್ಮ ಮನೆಯಿಂದ ನೋಡಿದ್ದು ನೀವು ಒಬ್ಬರೇ. ನಾನು ಬಿದ್ದದ್ದು ಕಂಡಿತಲ್ಲ ನಿಮಗೆ?"

"ಕಂಡಿತು."

"ಮಂಡಿ ಬಾತಿದೆ, ಅಷ್ಟೇ. ಬಿದ್ದಾಗ ನೀವು ಅಲ್ಲಿ ನೋಡ್ತಾ ಇರ್ತೀರಿ ಅಂತ ನೆನಪಾಯ್ತು, ಅದಕ್ಕೇ ಬೇಗ ಎದ್ದೆ. ತುಂಬಾ ಹೆದರಿದ್ರಾ ಪಪ್ಪ?"

"ಹೆದರಿದೆ ಮಗಾ" ಎಂದೆ.