ಆಯಿ ಉಪಾಸ, ನನ್ನ ಬಿಸ್ಕೀಟು

ಆಸ್ಟ್ರೇಲಿಯಾದಾಗ ಚಾದಂಗಡಿ ಇಲ್ರಿ. ಇದನ್ನ ಯಾರೂ ಮೊದಲ ಹೇಳೂದಿಲ್ಲ. ಕಾಂಗರೂ ಅದಾವ ಅಂತಾರ, ರಸ್ತೆ ಅಗದಿ ನುಣ್ಣಗ ಐತಿ ಅಂತಾರ, ಮಂದಿ ಭಾಳ ಚಲೋ ಅಂತಾರ. ನವಲಗುಂದದಿಂದ ಹುಬ್ಬಳ್ಳಿ ಮುಟ್ಟೂದ್ರಾಗ ಎಷ್ಟ ಕಡೆ ಗಾಡಿ ನಿಂದರಸಿ ಚಾ ಕುಡೀಬಹುದೋ, ಅದ ಅಂದಾಜಿನ ಮ್ಯಾಲ ನಾ ಆ ದೇಶದಾಗ ಗಾಡಿ ಹೊಡದ್ನಿ. ಶಿಕ್ಷೆ ಆಗಿದ್ದು ನನಗಲ್ಲ, ನಮ್ಮ ಆಯಿಗೆ.

ಆಯಿ ಅಂದ್ರ ನಮ್ಮಪ್ಪನ ಅವ್ವ. ನಮ್ಮಕ್ಕ ಅಲ್ಲಿ ದವಾಖಾನ್ಯಾಗ ನರ್ಸ್ ಅದಾಳ. ಅಕಿ ಕೂಸಿನ ತೊಟ್ಟಿಲಕ್ಕ ಆಯಿನ್ನ ಕರಕೊಂಡು ಹೋಗಾಕ ಮನ್ಯಾಗ ಖಾಲಿ ಕುಂತಾಂವ ಯಾರು ಅಂತ ಎಲ್ಲಾರೂ ಸುತ್ತ ನೋಡಿದ್ರು. ನಾ ಒಬ್ಬನ ಇದ್ನಿ. ತೊಟ್ಟಿಲು ಮುಗಿದ ಮ್ಯಾಲ ಆಯಿ, "ಇಷ್ಟ ದೂರ ಬಂದೀನಿ, ಒಂದ ಸಮುದ್ರ ತೋರಸ್ರಿ," ಅಂದ್ಲು. ಅಕ್ಕನ ಊರು ಕುಂದಗೋಳ ಸೀಮಿ ಹಂಗ ಸಪಾಟ ಬಯಲು. ಸಮುದ್ರ ಎರಡ ದಿನದ ಹಾದಿ. ಅಕ್ಕಗೂ ಅಕಿ ಗಂಡ, ನಮ್ಮ ಮಾವಗೂ ರಜಾ ಇಲ್ಲ. ಮಾವನ ಗೆಳೆಯಾ ತನ್ನ ಕ್ಯಾಂಪರ್ ವ್ಯಾನ್ ಕೊಟ್ಟ. ಅಂದ್ರ ಗಾಲಿ ಮ್ಯಾಲಿನ ಮನಿ: ಹಾಸಿಗಿ, ಗ್ಯಾಸಿನ ಒಲಿ, ಪಾತ್ರೆ ತೊಳಿಯೂ ಸಿಂಕು, ಕೆಳಗ ನೀರಿನ ಟ್ಯಾಂಕಿ.

"ಇದನ್ನ ಹೊಡೀತೀಯಾ?" ಅಂದ್ರು ಮಾವ.

"ಮಾವಾರ, ನಾ ಮಳಿಗಾಲದಾಗ ಯರಗುಪ್ಪಿ ಎರಿ ಹೊಲದಾಗ ಟ್ರ್ಯಾಕ್ಟರ್ ಹೊಡದಾಂವ," ಅಂದ್ನಿ. ರಾಡ್ಯಾಗ ಹುಗದ ಆ ಟ್ರ್ಯಾಕ್ಟರ್ ಎಳಿಯಾಕ ಇನ್ನೊಂದು ಟ್ರ್ಯಾಕ್ಟರ್ ಬಂದಿದ್ದು, ಅದೂ ಹುಗದು ಜೆಸಿಬಿ ತರಿಸಿದ್ದು ಅವರಿಗೆ ಹೇಳಲಿಲ್ಲ.

ಅಕ್ಕ ಮಾತ್ರ ಕಿವಿ ಹಿಂಡಿ ಹೇಳಿದ್ಲು. "ಲೇ, ಆಯಿ ಬಿಪಿ ಗುಳಿಗಿ ಊಟ ಆದ ಮ್ಯಾಲ. ಹೊತ್ತು ಮೀರಿಸಬ್ಯಾಡ. ಹೋದ ತಿಂಗಳ ತಲಿ ತಿರುಗಿ ಬಿದ್ದಾಳಕಿ, ನೆನಪೈತಿಲ್ಲೋ?"

ನೆನಪಿತ್ತು. ಆಯಿ ಪೂಜಿ ಆಗೂತನಕ ಉಣ್ಣೂದಿಲ್ಲ ಅನ್ನೂದೂ ನೆನಪಿತ್ತು. ದಿನಾ ಮುಂಜಾನೆ ಕೊಳ್ಳಾಗಿನ ಲಿಂಗ ಅಂಗೈಯಾಗ ಇಟ್ಕೊಂಡು, ನೀರು ಹಾಕಿ, ವಿಭೂತಿ ಹಚ್ಚಿ, ಆಮ್ಯಾಲನ ಅಕಿ ಬಾಯಿಗೆ ಒಂದ ಗುಟುಕು. ಮದಿವಿ ಆಗಿ ಬಂದಾಗಿಂದ ಒಂದ ದಿನಾನೂ ತಪ್ಪಿಸಿಲ್ಲ.

ಮೊದಲನೇ ದಿನ ಸಂಜೀಕ ರಸ್ತೆ ಬಾಜೂಕ ಒಂದು ಬಯಲಾಗ ಇಳಕೊಂಡ್ವಿ. ಆಯಿ ಸಿಂಕಿನ ನಳ ತಿರುವಿ, ನೀರು ಮೂಸಿ, "ಪೈಪಿನ ವಾಸನಿ ಬರತೈತಲ್ಲೋ. ಯಾವಾಗಿನ ತಂಗಳ ನೀರಿದು?" ಅಂದ್ಲು. ಅಷ್ಟ ಅಂದಿದ್ದು.

ನಮ್ಮೂರಾಗ ನಳ ಬರೂದು ವಾರಕ್ಕೊಮ್ಮೆ. ಬರೂ ದಿನ ಮುಂಜಾನೆ ಹಂಡೆ, ಕೊಡ, ಬ್ಯಾರಲ್ಲು ಎಲ್ಲಾದ್ರಾಗಿನ ಹಳೇ ನೀರು ಚೆಲ್ಲಿ, ತಿಕ್ಕಿ, ಬೋರಲ ಹಾಕೂದು ಸಣ್ಣಾಂವಿದ್ದಾಗಿಂದ ನನ್ನ ಡ್ಯೂಟಿ. ಕೈಗೆ ರೂಢಿ ಬಿದ್ದು ಹೋಗೈತಿ. ಮರುದಿನ ಆಯಿ ಏಳೂದ್ರಾಗ ಹೊಸಾ ನೀರು ತುಂಬಿಸಿ ಶಾಭಾಷ್ ಅನಿಸ್ಕೊಳ್ಳೂಣು ಅಂತ ವ್ಯಾನಿನ ಕೆಳಗ ತೂರಿ ಟ್ಯಾಂಕಿ ಬೂಚು ಬಿಚ್ಚಿದ್ನಿ. ನೀರು ಗಳಗಳ ಹರದು ಒಂದು ಗಿಡದ ಬುಡಕ್ಕ ಹೋತು. ಟ್ಯಾಂಕಿ ಬಡದು ನೋಡಿದ್ನಿ, ಢಣ್ ಅಂತು. ಖುಷಿ ಆತು. ಆಮ್ಯಾಲ ಎದ್ದು ನಿಂತು, ನಳ ಎಲ್ಲೈತಿ ಅಂತ ಹುಡುಕಿದ್ನಿ.

ನಳ ಇರಲಿಲ್ಲ. ಬೋರ್ಡ್ ಇತ್ತು, ಇಲ್ಲಿ ನೀರು ಸಿಗೂದಿಲ್ಲ ಅಂತ. ಹಿಂದಿನ ದಿನಾನ ಅದಕ್ಕ ಒರಗಿ ನಿಂತು ಸೆಲ್ಫಿ ತಗೊಂಡಿದ್ನಿ.

ಆಯಿ ತಂಬಿಗಿ ಹಿಡಕೊಂಡು ಬಂದ್ಲು. "ಮೋಟರ್ ಕೆಟ್ಟೈತಿ ಆಯಿ," ಅಂದ್ನಿ. ಸುಳ್ಳು ಎಷ್ಟು ಲಗೂ ಬಂತು ಅಂದ್ರ, ನನಗ ಖರೇ ಅನಿಸ್ತು.

"ಬಾಟಲಿ ನೀರೈತಲ್ಲೋ?"

ಇತ್ತು, ಅರ್ಧಾ. ಆದ್ರ ಕಚ್ಚಿ ಕುಡದಿದ್ನಿ. ಎತ್ತಿ ಕುಡಿಯೋ ಅಂತ ಆಯಿ ನನಗ ಹಲ್ಲು ಬಂದಾಗಿಂದ ಹೇಳಾಕತ್ತಾಳ. ಎಂಜಲ ನೀರು ಲಿಂಗಕ್ಕ ಹ್ಯಾಂಗ ಹಾಕೂದು? ಬಾಟಲಿ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಇರ್ಲಿ, ಮುಂದ ಎಲ್ಯರ ಸಿಗತೈತಿ," ಅಂದ್ಲು. ಗುಳಿಗಿ ಸೆರಗಿನ ತುದಿಗೆ ಗಂಟ ಹಾಕ್ಕೊಂಡು ಬಾಜೂಕ ಬಂದು ಕುಂತ್ಲು.

"ಹತ್ತ ಮಿನಿಟು ಆಯಿ. ಊರು ಬಂದ ಬಿಡತೈತಿ."

ಊರು ಬರಲಿಲ್ಲ. ಫೋನಿನ್ಯಾಗಿನ ನಕಾಶೆ ಸಣ್ಣ ಹಾದಿ ತೋರಿಸ್ತು, ಸಣ್ಣ ಹಾದಿ ಅಂದ್ರ ಲಗೂ ಮುಟ್ಟೂ ಹಾದಿ ಅಂತ ಹೊಳ್ಳಿಸಿದ್ನಿ. ಡಾಂಬರ್ ಮುಗೀತು, ಕೆಂಪ ಮಣ್ಣು ಚಾಲೂ ಆತು, ನೆಟ್‌ವರ್ಕ್ ಹೋತು. ಹಿಂದ ಬೋಗಾಣಿ, ತಾಟು, ಸೌಟು ಎಲ್ಲಾ ಕುಣೀತಿದ್ವು. ಆ ವ್ಯಾನಿನಾಗ ಇಂಡಿಕೇಟರ್ ಇರಬೇಕಾದಲ್ಲೆ ವೈಪರ್. ಹೊಳ್ಳಿಸಿದಾಗೊಮ್ಮೆ ವೈಪರ್ ಓಡತಿತ್ತು. ಮೋಡದ ಸುಳಿವಿಲ್ಲದ ಬಿಸಲಾಗ ಆಯಿ ಕೇಳಿದ್ಲು, "ಮಳಿ ಬರೂದೈತೇನೋ?"

"ಗಾಜು ಒರಸಾಕತ್ತೀನಿ ಆಯಿ."

"ಎಷ್ಟ ಸ್ವಚ್ಛ ಮನಶಾ ಆಗೀಯಪಾ."

ಮಧ್ಯಾಹ್ನ ಒಂದು ಪೆಟ್ರೋಲ್ ಪಂಪು ಕಂಡ್ತು. ಚೀರಿದ್ನಿ. ಹತ್ರ ಹೋದ್ರ ಬಾಗಲಾ ಹಾಕಿತ್ತು. ಐತವಾರ. ಗಾಜಿನ ಒಳಗ ಫ್ರಿಜ್ಜು ದೀಪ ಹಚ್ಚಿಕೊಂಡು ನಿಂತಿತ್ತು, ಅದರಾಗ ಸಾಲಾಗಿ ನೀರಿನ ಬಾಟಲಿ. ಆಯಿ ಗಾಜಿಗೆ ಅಂಗೈ ಹಚ್ಚಿ ಹಂಗ ನೋಡಿದ್ಲು. ತುಟಿ ಒಣಗಿ ಬಿಳೇ ಆಗಿದ್ವು.

ಅಷ್ಟೊತ್ತಿಗೆ ನೆಟ್‌ವರ್ಕ್ ಬಂದು ಅಕ್ಕನ ಫೋನು.

"ಆಯಿ ಉಂಡ್ಲೇನೋ?"

"ಹೂಂ. ಹೊಟ್ಟಿ ತುಂಬ."

"ಗುಳಿಗಿ?"

"ಆತು ಬೇ, ಎಷ್ಟ ಕೇಳತಿ!"

ಆಯಿ ಅಲ್ಲೇ ನಿಂತಿದ್ಲು. ಸೆರಗಿನ ಗಂಟು ಮುಟ್ಟಿ ನೋಡ್ಕೊಂಡ್ಲು.

ನಾ ಟೈರ್ ನೋಡಿ ಬರತೀನಿ ಅಂತ ವ್ಯಾನಿನ ಹಿಂದ ಹೋದ್ನಿ. ಟೈರಿಗೆ ಏನೂ ಆಗಿರಲಿಲ್ಲ. ಕಿಸೇದಾಗ ಕ್ರೀಮ್ ಬಿಸ್ಕೀಟಿನ ಪುಡಿಕಿ ಇತ್ತು. ಒಂದ ತಿನ್ನೂಣು ಅಂತ ಕುಕ್ಕರಗಾಲಿಲೆ ಕುಂತ್ನಿ, ಏಳೂದ್ರಾಗ ಪುಡಿಕಿ ಖಾಲಿ. ಮ್ಯಾಲ ಬಾಟಲಿ ನೀರೂ ಕುಡದ್ನಿ. ಗಂಟಲದಾಗ ಇಳಿಯೂ ಸಪ್ಪಳ ಅಕಿಗೆ ಕೇಳಬಾರದು ಅಂತ ಕೆಮ್ಮಿದ್ನಿ.

ಹೊಳ್ಳಿ ಬಂದು ಕುಂತಾಗ ಆಯಿ ನನ್ನ ಮಾರಿ ನೋಡಿದ್ಲು. "ಟೈರು ಚಲೋ ಅದಾವಿಲ್ಲೋ?"

"ಅದಾವ."

ಸ್ವಲ್ಪ ದೂರ ಹೋದ ಮ್ಯಾಲ ತಾನಾಗೇ ಅಂದ್ಲು, "ಮುಂಜಾನೆ ಆ ಗಿಡಕ್ಕ ನೀರು ಹಾಕಿದಿ, ಕಿಡಕ್ಯಾಗಿಂದ ನೋಡಿದ್ನಿ. ಒಣಗಿ ನಿಂತಿತ್ತು ಪಾಪ." ಹೊಗಳತಾಳೋ ಬೈತಾಳೋ ತಿಳೀಲಿಲ್ಲ. ಬೈದಿದ್ರ ಹಗುರ ಆಗತಿತ್ತು. ಆ ಮಾತು ಕೇಳಿ ನಾ ಸ್ಟೇರಿಂಗು ಗಟ್ಟಿ ಹಿಡದು, ರಸ್ತೆ ಬಿಟ್ಟು ಬಾಜೂಕ ಇಳದು, ಉಸುಕಿನಾಗ ವ್ಯಾನ್ ಹುಗಸಿದ್ನಿ. ಎರಿ ಮಣ್ಣಾಗ ಹುಗಸೂದು ಯಾರರ ಮಾಡತಾರ. ಒಣಾ ಉಸುಕಿನಾಗ ಹುಗಸಾಕ ನನ್ನಂಥಾಂವ ಬೇಕು.

ಆಯಿ ಇಳದು ವ್ಯಾನಿನ ನೆರಳಿಗೆ ಕುಂತ್ಲು. ಕಣ್ಣು ಮುಚ್ಚಿದ್ಲು. "ಆಯಿ?" ಅಂದ್ನಿ. ಓ ಅನ್ನಲಿಲ್ಲ. "ಆಯೀ!"

"ಅದೀನೋ. ಒದರಬ್ಯಾಡ. ತಲಿ ಗಿಮ್ ಅನ್ನಾಕತ್ತೈತಿ, ಅಷ್ಟ."

ಆವಾಗ ನಾ ಓಡಿದ್ನಿ. ಯಾವ ಕಡೆ ಅಂತ ಗೊತ್ತಿಲ್ಲ. ಧೂಳಿ ಎಬ್ಬಿಸ್ಕೊಂತ ಒಂದು ಗಾಡಿ ಬರೂದು ಕಂಡು, ಎರಡೂ ಕೈ ಎತ್ತಿ ರಸ್ತೆ ನಡುವ ನಿಂತ್ನಿ. ಒಳಗ ಟೊಪ್ಪಿಗಿ ಹಾಕ್ಕೊಂಡ ಮುದುಕಾ ರೈತ. ನನ್ನ ಇಂಗ್ಲೀಷು ಎಲ್ಲಾ ಆ ಹೊತ್ತಿಗೆ ಆವಿ ಆಗಿ ಹೋಗಿತ್ತು. "ವಾಟರ್! ಗಾಡ್! ಗ್ರ್ಯಾಂಡ್‌ಮದರ್!" ಅಂದ್ನಿ. ನಮ್ಮ ಆಯಿ ದೇವರ ಪಾದ ಸೇರಿದ್ಲು ಅಂತ ತಿಳಕೊಂಡ ಅವ, ಪಾಪ, ಟೊಪ್ಪಿಗಿ ತಗದ. ಬಂದು ನೋಡಿದ್ರ ಆಯಿ ಕುಂತಾಳ, ಕೈ ಮುಗದ್ಲು.

ಹಗ್ಗಾ ಹಾಕಿ ಎಳದು, ದಿಣ್ಣಿ ಹಿಂದಿನ ತನ್ನ ಮನೀಗೆ ಕರಕೊಂಡು ಹೋದ. ಮನಿ ಬಾಜೂಕ ನಮ್ಮ ಕಾಳಿನ ಹಗೇವಿನಷ್ಟು ದೊಡ್ಡ ನೀರಿನ ಟಾಕಿ. ನಳ ತಿರುವಿದ. ಆಯಿ ತಂಬಿಗಿ ಒಡ್ಡಿ, ಕನ್ನಡದಾಗನ ಕೇಳಿದ್ಲು, "ಎಲ್ಲೀ ನೀರಪಾ ಇದು?" ಅವ ತಗಡಿನ ಮಾಳಗಿ ತೋರಿಸಿ, ಮ್ಯಾಲ ಆಕಾಶ ತೋರಿಸಿದ.

"ಮಳಿ ನೀರು!" ಅಂದ್ಲು ಆಯಿ. ಇಡೀ ದಿನದಾಗ ಮೊದಲನೇ ಸಲ ನಕ್ಕಿದ್ದು.

ಕೈಕಾಲು ಮಾರಿ ತೊಳಕೊಂಡು, ಅವರ ಪಡಸಾಲ್ಯಾಗ ಪೂಜಿಗೆ ಕುಂತ್ಲು. ಲಿಂಗದ ಮ್ಯಾಲ ನೀರು ಹಾಕಿ, ವಿಭೂತಿ ಹಚ್ಚಿದ್ಲು. ಅಂಗೈಯಾಗಿನ ನೀರು ಬಾಯಿಗೆ ಹಾಕ್ಕೊಂಡಾಗ ಹೊತ್ತು ಮುಣುಗಾಕ ಬಂದಿತ್ತು. ನಾ ಒಂದು ಕಂಬಾ ಹಿಡಕೊಂಡು ಮಾರಿ ಆ ಕಡೆ ಮಾಡಿದ್ನಿ.

ಆಮ್ಯಾಲ ಬುತ್ತಿ ಬಿಚ್ಚಿದ್ಲು. ಕಟಕ ರೊಟ್ಟಿ, ಶೇಂಗಾ ಚಟ್ನಿ. ಮೊದಲ ರೊಟ್ಟಿ ಮುರದು ನನ್ನ ಕೈಯಾಗ ಇಟ್ಲು. "ತಗೋ. ಮುಂಜಾನಿಂದ ನನ್ನ ಸಂಗಾಟ ನೀನೂ ಉಪಾಸ ಅದೀ."

"ನೀ ಮೊದಲ ತಿನ್ನು ಆಯಿ."

"ತಗೋಳೋ. ಮಾರಿ ನೋಡು ಎಷ್ಟ ಬಾಡೇತಿ."

ಆ ರೊಟ್ಟಿ ಅಗದ್ನಿ, ಅಗದ್ನಿ, ಒಳಗ ಹೋಗವಲ್ದು. ಆಯಿ ಉಂಡು, ಗಂಟು ಬಿಚ್ಚಿ ಗುಳಿಗಿ ನುಂಗಿ, ಮ್ಯಾಲ ಮಳಿ ನೀರು ಎತ್ತಿ ಕುಡದ್ಲು.

ಫೋನು ಬಡಕೊಳ್ತು. ಅಕ್ಕ, ವಿಡಿಯೋ ಕಾಲು. ಒತ್ತಾಕ ಹೋದ್ರ ಆಯಿ ನನ್ನ ಕೈ ಹಿಡದ್ಲು. ಸೆರಗಿನ ತುದಿ ಹಸಿ ಮಾಡಿ ಕೊಟ್ಟು, ಸಣ್ಣ ದನೀಲೆ ಅಂದ್ಲು, "ಮೊದಲ ಮೀಸಿ ಒರಸ್ಕೊ. ಮಧ್ಯಾಹ್ನದಿಂದ ಬಿಸ್ಕೀಟಿನ ಕ್ರೀಮು ಹತ್ತೈತಿ. ಅಕ್ಕ ನೋಡ್ತಾಳ."

ಅರ್ಧಾ ದಿನ ಅಕಿ ನನ್ನ ಬಾಜೂಕ ಹೊಟ್ಟಿ ಹಸಕೊಂಡು, ಅದನ್ನ ನೋಡ್ಕೋಂತ ಕುಂತಿದ್ಲು.

"ಆಯಿ, ಉಂಡ್ಯಾ?" ಅಂದ್ಲು ಅಕ್ಕ ಫೋನಿನ್ಯಾಗ.

"ಈಗ ಉಂಡೆವಾ."

"ಈಗ? ಇವ ಮಧ್ಯಾಹ್ನಾನ ಉಂಡಾಳ ಅಂದ್ನಲ್ಲ, ಹೊಟ್ಟಿ ತುಂಬ?"

ಆಯಿ ನನ್ನ ಕಡೆ ಹೊಳ್ಳಿ ನೋಡಲೂ ಇಲ್ಲ. "ತನ್ನ ಊಟದ ಸುದ್ದಿ ಹೇಳಿರಬೇಕವಾ ಅಂವ."

ನಾ ಎದ್ದು ಟ್ಯಾಂಕಿ ತುಂಬಸಾಕ ಹೋದ್ನಿ. ಆ ಮುದುಕಾ ಆಗಲೇ ತುಂಬಿಸಿ ಬೂಚು ಹಾಕಿದ್ದ. ಆದ್ರೂ ಪೈಪು ಹಿಡಕೊಂಡು ಅಲ್ಲೇ ನಿಂತ್ನಿ, ಆಯಿ ಫೋನು ಇಡೂತನಕ.